ಹನಿ ಹಾಲಿನ ಕಾವಲು: ಗಿಣ್ಣುಹಾಲಿನ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಹೆರಿಗೆಯಾದ ಮೊದಲ ನಾಲ್ಕೈದು ದಿನ ತಾಯಿಯ ಎದೆಯಲ್ಲಿ ಬರುವ ಮಂದವಾದ, ಹೆಚ್ಚಾಗಿ ಹಳದಿ ಬಣ್ಣದ ಹಾಲೇ ಗಿಣ್ಣುಹಾಲು. ಆಸ್ಪತ್ರೆಯ ಭಾಷೆಯಲ್ಲಿ ಕೊಲಸ್ಟ್ರಮ್. ಅದು ಮಗುವಿನ ರೋಗನಿರೋಧಕ ಕೋಶಗಳ ಮೇಲೆ ಏನು ಪರಿಣಾಮ ಮಾಡುತ್ತದೆ, ಅದನ್ನು ಹೇಗೆ ಹಿಂಡಬೇಕು, ಹೇಗೆ ಕಾಪಾಡಬೇಕು ಎಂದು ಕೇಳಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಗಿಣ್ಣುಹಾಲು ಮಗುವಿನ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆಂದರೆ ಮಗುವಿನ ಬಿಳಿ ರಕ್ತಕಣಗಳನ್ನು ಅದು ಚುರುಕುಗೊಳಿಸುತ್ತದೆಯೇ? ನಾನು ಜೀವಶಾಸ್ತ್ರದ ವಿದ್ಯಾರ್ಥಿನಿ, ವಿವರವಾಗಿಯೇ ತಿಳಿಸಿ.

ಉತ್ತರ: ‘ಶಕ್ತಿ ಹೆಚ್ಚಿಸುತ್ತದೆ’ ಎನ್ನುವುದು ಅರ್ಧ ಮಾತು. ಉಳಿದರ್ಧವೇ ಹೆಚ್ಚು ಮುಖ್ಯ: ಗಿಣ್ಣುಹಾಲು ಮಗುವಿನ ರೋಗನಿರೋಧಕ ಕೋಶಗಳನ್ನು ಸುಮ್ಮನಿರಿಸುತ್ತದೆ, ಯಾರ ಮೇಲೆ ಎರಗಬಾರದು ಎಂಬುದನ್ನು ಕಲಿಸುತ್ತದೆ.

ಮಗು ಹುಟ್ಟಿದ ಕ್ಷಣದಲ್ಲಿ ಏನಾಗುತ್ತದೆಂದು ಯೋಚಿಸಿ. ಒಂಬತ್ತು ತಿಂಗಳು ಸೂಕ್ಷ್ಮಾಣುಗಳ ಸಂಪರ್ಕವೇ ಇಲ್ಲದಂತೆ ಬೆಳೆದ ಕರುಳಿಗೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಬಂದು ನೆಲೆಸತೊಡಗುತ್ತವೆ. ಅವುಗಳಲ್ಲಿ ಬಹುಪಾಲು ಮುಂದೆ ಮಗುವಿನೊಂದಿಗೆ ಬಾಳಬೇಕಾದವು. ಒಂದೊಂದಕ್ಕೂ ಬಿಳಿ ರಕ್ತಕಣಗಳು ಯುದ್ಧಕ್ಕೆ ನಿಂತರೆ ಕರುಳಿನ ತೆಳು ಗೋಡೆ ಉರಿಯೂತದಿಂದಲೇ ಹಾಳಾಗುತ್ತದೆ. ಆದ್ದರಿಂದ ಮೊದಲ ವಾರಗಳಲ್ಲಿ ಬೇಕಾದದ್ದು ಉರಿಯೂತವಿಲ್ಲದ ಕಾವಲು. ಗಿಣ್ಣುಹಾಲಿನ ಘಟಕಗಳನ್ನು ಒಂದೊಂದಾಗಿ ನೋಡಿದರೆ, ಅದು ಈ ಕೆಲಸಕ್ಕೇ ಹೊಂದಿಕೊಂಡಿರುವುದು ಕಾಣುತ್ತದೆ.

ಮೊದಲನೆಯದು ಸೆಕ್ರಿಟರಿ ಐಜಿಎ ಎಂಬ ಪ್ರತಿಕಾಯ, ಅಂದರೆ ಸೂಕ್ಷ್ಮಾಣುಗಳಿಗೆ ಅಂಟಿಕೊಳ್ಳುವ ರಕ್ಷಕ ಪ್ರೋಟೀನು. ಹೆರಿಗೆಯಾದ ಮೊದಲ ದಿನ ಇದು ಲೀಟರಿಗೆ 10 ಗ್ರಾಂ ದಾಟಬಹುದು. ಕೆಲವು ವಾರಗಳ ನಂತರದ ಹಾಲಿನಲ್ಲಿ ಸುಮಾರು 1 ಗ್ರಾಂಗೆ ಇಳಿಯುತ್ತದೆ. ಎರಡು ಐಜಿಎ ಅಣುಗಳು ಒಂದು ಕೊಂಡಿಯಿಂದ ಜೋಡಿಯಾಗಿ, ಮೇಲೊಂದು ರಕ್ಷಾಪಟ್ಟಿ ಸುತ್ತಿಕೊಂಡು ಹಾಲಿಗೆ ಇಳಿಯುತ್ತವೆ. ಆ ಪಟ್ಟಿ ಇರುವುದರಿಂದಲೇ ಜೀರ್ಣರಸಗಳು ಅದನ್ನು ಸುಲಭವಾಗಿ ಕತ್ತರಿಸಲಾರವು. ಈ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಎದೆಯಲ್ಲಿ ಹುಟ್ಟಿದವಲ್ಲ. ತಾಯಿಯ ಕರುಳು ಮತ್ತು ಶ್ವಾಸನಾಳಗಳ ಪದರದಲ್ಲಿ ತರಬೇತಿ ಪಡೆದು, ಗರ್ಭದ ಕೊನೆಯಲ್ಲಿ ರಕ್ತದ ಮೂಲಕ ಬಂದು ಎದೆಯಲ್ಲಿ ನೆಲೆಸಿದವು. ಹಾಗಾಗಿ ತಾಯಿ ಉಂಡ, ಉಸಿರಾಡಿದ ಪರಿಸರದ ಸೂಕ್ಷ್ಮಾಣುಗಳಿಗೆ ತಕ್ಕ ಪ್ರತಿಕಾಯಗಳೇ ಮಗುವಿಗೆ ಸಿಗುತ್ತವೆ. ಮಗುವಿನ ಸ್ವಂತ ಕರುಳಿನಲ್ಲಿ ಐಜಿಎ ಮಾಡುವ ಕೋಶಗಳು ಮೊದಲ ವಾರಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಐಜಿಎ ಕೆಲಸ ಮಾಡುವ ರೀತಿ ಗಮನಿಸಿ. ಅದು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ಅವನ್ನು ಗುಂಪುಕಟ್ಟಿಸಿ, ಲೋಳೆಯ ಪದರದಾಚೆಯೇ ತಡೆದಿಡುತ್ತದೆ. ರಕ್ತದ ಐಜಿಜಿ ಪ್ರತಿಕಾಯದ ಹಾಗೆ ಉರಿಯೂತ ಎಬ್ಬಿಸುವ ಕಾಂಪ್ಲಿಮೆಂಟ್ ಪ್ರೋಟೀನುಗಳ ಸರಣಿಯನ್ನು ಸಿಡಿಸುವುದಿಲ್ಲ, ಮೊದಲು ದಾಳಿಗೆ ಧಾವಿಸುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಕೂಗಿ ಕರೆಯುವುದಿಲ್ಲ. ಬಾಗಿಲಲ್ಲೇ ತಡೆಯುತ್ತದೆ, ಮನೆಯೊಳಗೆ ಜಗಳ ತರುವುದಿಲ್ಲ. ಈ ತಡೆ ತಪ್ಪಿದಾಗ ಏನಾಗುತ್ತದೆ ಎನ್ನುವುದಕ್ಕೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಳ್ಳೆಯ ಸಾಕ್ಷಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಕರುಳು ಕೊಳೆಯುವ ನೆಕ್ರೋಟೈಸಿಂಗ್ ಎಂಟರೋಕೊಲೈಟಿಸ್ ಎಂಬ ಭೀಕರ ಕಾಯಿಲೆ ಬರುವ ಮೊದಲು, ಅವರ ಕರುಳಿನಲ್ಲಿ ಐಜಿಎ ಅಂಟದ ಬ್ಯಾಕ್ಟೀರಿಯಾಗಳ ಪಾಲು ಏರಿರುವುದು ಅದರಲ್ಲಿ ಕಂಡುಬಂತು.

ಎರಡನೆಯದು ಲ್ಯಾಕ್ಟೋಫೆರಿನ್. ಗಿಣ್ಣುಹಾಲಿನಲ್ಲಿ ಲೀಟರಿಗೆ ಸುಮಾರು 5ರಿಂದ 7 ಗ್ರಾಂ. ಒಂದು ಅಣು ಎರಡು ಕಬ್ಬಿಣದ ಅಯಾನುಗಳನ್ನು ಹಿಡಿದಿಡುತ್ತದೆ. ಕಬ್ಬಿಣ ಸಿಗದ ಬ್ಯಾಕ್ಟೀರಿಯಾ ಬೆಳೆಯಲಾರದು. ಜೊತೆಗೆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷಾಂಶಕ್ಕೆ ಅಂಟಿಕೊಂಡು, ಅದು ಮಗುವಿನ ದೇಹದಲ್ಲಿ ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳಾದ ಮ್ಯಾಕ್ರೋಫೇಜ್‌ಗಳನ್ನು ಕೆಣಕದಂತೆ ನೋಡಿಕೊಳ್ಳುತ್ತದೆ.

ಮೂರನೆಯದು ಸಂದೇಶವಾಹಕ ಪ್ರೋಟೀನುಗಳು. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಟಿಜಿಎಫ್-ಬೀಟಾ ಗಿಣ್ಣುಹಾಲಿನಲ್ಲಿ ಹೇರಳ. ಅದು ಎಳೆಯ ಟಿ ಕೋಶಗಳನ್ನು (ಒಂದು ಬಗೆಯ ಬಿಳಿ ರಕ್ತಕಣ), ಉಳಿದವನ್ನು ಹದ್ದಿನಲ್ಲಿಡುವ ‘ನಿಯಂತ್ರಕ ಟಿ ಕೋಶ’ಗಳಾಗುವ ದಾರಿಗೆ ತಿರುಗಿಸುತ್ತದೆ, ಮಗುವಿನ ಬಿ ಕೋಶಗಳು ತಾವೇ ಐಜಿಎ ತಯಾರಿಸಲು ಬೇಕಾದ ಸೂಚನೆಯನ್ನೂ ಕೊಡುತ್ತದೆ. ಐಎಲ್-10 ಉರಿಯೂತವನ್ನು ತಗ್ಗಿಸುತ್ತದೆ. ಟಿಎನ್ಎಫ್ ಮತ್ತು ಐಎಲ್-1 ಎಂಬ ಉರಿಯೂತದ ಸಂದೇಶಗಳನ್ನು ನಡುದಾರಿಯಲ್ಲೇ ತಡೆಯುವ ಪ್ರೋಟೀನುಗಳೂ ಹಾಲಿನಲ್ಲಿವೆ. ಇಜಿಎಫ್ ಎಂಬ ಬೆಳವಣಿಗೆಯ ಅಂಶ ಕರುಳಿನ ಗೋಡೆಯನ್ನು ರಿಪೇರಿ ಮಾಡುತ್ತಾ, ಬ್ಯಾಕ್ಟೀರಿಯಾ ಕಂಡೊಡನೆ ಗಂಟೆ ಬಾರಿಸುವ ಟಿಎಲ್ಆರ್-4 ಗ್ರಾಹಕದ ಸದ್ದನ್ನು ಅಡಗಿಸುತ್ತದೆ. ತಿಂಗಳು ತುಂಬದೆ ಹೆತ್ತ ತಾಯಿಯ ಹಾಲಿನಲ್ಲಿ ಇಜಿಎಫ್ ಇನ್ನೂ ಹೆಚ್ಚಿರುತ್ತದೆ. ಹೆಚ್ಚು ಬೇಕಾದ ಮಗುವಿಗೇ ಹೆಚ್ಚು ಸಿಗುತ್ತದೆ ಎನ್ನುವುದು ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುವ ಸಂಗತಿ.

ಇದೆಲ್ಲದರ ಫಲ ಮಗುವಿನ ರಕ್ತದಲ್ಲೇ ಕಾಣುತ್ತದೆ. ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು ಸಿಸೇರಿಯನ್‌ನಲ್ಲಿ ಹುಟ್ಟಿದ ಮಕ್ಕಳ ರಕ್ತ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದಂತೆ, ಮೊದಲ ಮೂರು ವಾರ ಎದೆಹಾಲನ್ನೇ ಕುಡಿದವರಲ್ಲಿ ನಿಯಂತ್ರಕ ಟಿ ಕೋಶಗಳ ಪ್ರಮಾಣ ಫಾರ್ಮುಲಾ ಕುಡಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಈ ಕೋಶಗಳು ಮಗುವಿನ ದೇಹದಲ್ಲಿ ಉಳಿದುಕೊಂಡ ತಾಯಿಯ ಕೋಶಗಳ ಮೇಲೆ ಮಗುವಿನ ಟಿ ಕೋಶಗಳು ಕೆರಳದಂತೆಯೂ ನೋಡಿಕೊಳ್ಳುತ್ತಿದ್ದವು.

ಹಾಗಾದರೆ ಚುರುಕುಗೊಳಿಸುವ ಕೆಲಸ ಇಲ್ಲವೇ ಇಲ್ಲವೇ? ಇದೆ. ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿ, 4 ತಿಂಗಳ ವಯಸ್ಸಿನಲ್ಲಿ ಎದೆಹಾಲನ್ನಷ್ಟೇ ಕುಡಿದ ಮಕ್ಕಳಲ್ಲಿ ಫಾರ್ಮುಲಾ ಕುಡಿದವರಿಗಿಂತ ತುಂಬಾ ದೊಡ್ಡದಾಗಿತ್ತು ಎಂದು 1996ರಲ್ಲಿ ಡೆನ್ಮಾರ್ಕ್‌ನ ಅಲ್ಟ್ರಾಸೌಂಡ್ ಅಧ್ಯಯನ ತೋರಿಸಿತು. ಹಾಲಿನಲ್ಲಿರುವ ಐಎಲ್-7 ಟಿ ಕೋಶಗಳ ಬೆಳವಣಿಗೆಗೆ ಬೇಕಾದ ಅಂಶ. ಅಂದರೆ ಸೈನ್ಯ ಬೆಳೆಯುತ್ತದೆ, ಆದರೆ ಶಿಸ್ತಿನೊಳಗೆ ಬೆಳೆಯುತ್ತದೆ.

ಪ್ರಶ್ನೆ: ಹಾಲಿನಲ್ಲಿ ತಾಯಿಯ ಜೀವಂತ ಬಿಳಿ ರಕ್ತಕಣಗಳೇ ಇರುತ್ತವೆಯಂತೆ. ಹೊಟ್ಟೆಯ ಆಮ್ಲದಲ್ಲಿ ಅವು ಸಾಯುವುದಿಲ್ಲವೇ?

ಉತ್ತರ: ಇರುವುದು ನಿಜ. ಗಿಣ್ಣುಹಾಲಿನ ಒಂದು ಮಿ.ಲೀ.ನಲ್ಲಿ ಸುಮಾರು ಹತ್ತು ಲಕ್ಷ ಕೋಶಗಳಿರಬಹುದು. ತಾಯಿಯಿಂದ ತಾಯಿಗೆ ಈ ಸಂಖ್ಯೆ ಬಹಳ ಏರಿಳಿಯುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಎಣಿಕೆಯಂತೆ, ಆರೋಗ್ಯವಂತ ತಾಯಂದಿರ ಗಿಣ್ಣುಹಾಲಿನ ಒಟ್ಟು ಕೋಶಗಳಲ್ಲಿ ಬಿಳಿ ರಕ್ತಕಣಗಳ ಪಾಲು ಶೇ. 13ರಿಂದ 70, ಕೆಲವೇ ವಾರಗಳ ನಂತರ ಅದು ಶೇ. 2ಕ್ಕಿಂತ ಕೆಳಗೆ. ಹೆಚ್ಚಿನವು ಮ್ಯಾಕ್ರೋಫೇಜ್ ಮತ್ತು ನ್ಯೂಟ್ರೋಫಿಲ್‌ಗಳು. ಲಿಂಫೋಸೈಟ್‌ಗಳು ಸ್ವಲ್ಪ, ಅವುಗಳಲ್ಲಿ ಬಹುಪಾಲು ಟಿ ಕೋಶಗಳು. ಅವೂ ಹಿಂದೆ ಸೋಂಕು ಕಂಡು ನೆನಪಿಟ್ಟುಕೊಂಡ ಬಗೆಯವು.

ಇವುಗಳ ನಡವಳಿಕೆ ರಕ್ತದಲ್ಲಿರುವ ಅವುಗಳ ನೆಂಟರಂತಿಲ್ಲ. ಹಾಲಿನ ನ್ಯೂಟ್ರೋಫಿಲ್‌ಗಳು ಹೆಚ್ಚು ಓಡಾಡುವುದಿಲ್ಲ, ಗೋಡೆಗೆ ಅಂಟುವುದೂ ಕಡಿಮೆ. ಅವು ಎದೆಯ ನಾಳಗಳಲ್ಲೇ ತಮ್ಮ ಕೆಲಸ ಮುಗಿಸಿದವು ಎನ್ನಬಹುದು. ಮ್ಯಾಕ್ರೋಫೇಜ್‌ಗಳು ಮಾತ್ರ ತಮ್ಮ ಮೂಲರೂಪವಾದ ರಕ್ತದ ಮಾನೋಸೈಟ್‌ಗಳಿಗಿಂತ ಚುರುಕಾಗಿ ಚಲಿಸುತ್ತವೆ.

ನವಜಾತ ಶಿಶುವಿನ ಹೊಟ್ಟೆಯ ಆಮ್ಲ ದೊಡ್ಡವರದ್ದರಷ್ಟು ತೀಕ್ಷ್ಣವಲ್ಲ, ಹಾಲು ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಆದ್ದರಿಂದ ಒಂದಷ್ಟು ಕೋಶಗಳು ಬದುಕಿ ಕರುಳು ತಲುಪಲು ಅವಕಾಶವಿದೆ. ಇಲಿ ಮರಿಗಳಲ್ಲಿ ಇಂಥ ಕೋಶಗಳು ಕರುಳಿನ ಗೋಡೆ ದಾಟಿ ಒಳ ಅಂಗಗಳಲ್ಲಿ ನೆಲೆಸುವುದನ್ನು ನೋಡಿದ್ದಾರೆ. ಆ ಫಲಿತಾಂಶವನ್ನು ಹಾಗೆಯೇ ಮನುಷ್ಯರ ಮಗುವಿಗೆ ಅನ್ವಯಿಸುವುದು ತಪ್ಪು. ಗಿಣ್ಣುಹಾಲಿನ ರಕ್ಷಣೆಯಲ್ಲಿ ಗಟ್ಟಿಯಾಗಿ ರುಜುವಾತಾಗಿರುವ ಭಾಗ ಐಜಿಎ, ಲ್ಯಾಕ್ಟೋಫೆರಿನ್ ಮತ್ತು ಸಕ್ಕರೆ ಸರಪಳಿಗಳದ್ದು.

ಆ ಸಕ್ಕರೆ ಸರಪಳಿಗಳ ಬಗ್ಗೆಯೂ ಒಂದು ಮಾತು. ಓಲಿಗೋಸ್ಯಾಕರೈಡ್ ಎಂಬ ಇವು ಗಿಣ್ಣುಹಾಲಿನಲ್ಲಿ ಲೀಟರಿಗೆ 20 ಗ್ರಾಂ ಮೇಲಿರುತ್ತವೆ. ಮಗುವಿಗೆ ಇವು ಜೀರ್ಣವಾಗುವುದಿಲ್ಲ. ಇವನ್ನು ತಿಂದು ಬೆಳೆಯುವುದು ಬೈಫಿಡೋಬ್ಯಾಕ್ಟೀರಿಯಾ. ಅದು ಬೆಳೆದರೆ ಕರುಳಿನ ಪರಿಸರ ಹುಳಿಯಾಗಿ, ರೋಗಕಾರಕಗಳಿಗೆ ಜಾಗ ಸಿಗದು. ಕೆಲವು ಸರಪಳಿಗಳು ಕರುಳಿನ ಗೋಡೆಯ ಗ್ರಾಹಕಗಳನ್ನೇ ಹೋಲುವುದರಿಂದ, ರೋಗಾಣುಗಳು ಗೋಡೆಯ ಬದಲು ಅವಕ್ಕೆ ಅಂಟಿಕೊಂಡು ಮಲದಲ್ಲಿ ಹೊರಗೆ ಹೋಗುತ್ತವೆ.

ಪ್ರಶ್ನೆ: ಹಸುವಿನ ಗಿಣ್ಣುಹಾಲಿನ ಪುಡಿ, ಮಾತ್ರೆ ಮಾರಾಟಕ್ಕಿವೆ. ತಾಯಿಗೆ ಹಾಲು ಕಡಿಮೆಯಿದ್ದರೆ ಹಸುಗೂಸಿಗೆ ಅದನ್ನು ಕೊಡಬಹುದೇ?

ಉತ್ತರ: ಬೇಡ. ಕರುವಿನ ಕಥೆ ಬೇರೆ, ಮಗುವಿನ ಕಥೆ ಬೇರೆ. ಹಸುವಿನ ಮಾಸು ಪ್ರತಿಕಾಯಗಳನ್ನು ಕರುವಿಗೆ ದಾಟಿಸುವುದಿಲ್ಲ. ಕರು ಬಹುತೇಕ ಪ್ರತಿಕಾಯಗಳಿಲ್ಲದೆ ಹುಟ್ಟುತ್ತದೆ. ಮೊದಲ ಒಂದು ದಿನ ಅದರ ಕರುಳು ಐಜಿಜಿಯನ್ನು ಇಡಿಯಾಗಿ ಹೀರಿ ರಕ್ತಕ್ಕೆ ಸೇರಿಸಿ, ಆಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹಸುವಿನ ಗಿಣ್ಣುಹಾಲಿನ ತುಂಬ ಐಜಿಜಿ. ಮನುಷ್ಯರಲ್ಲಿ ಐಜಿಜಿ ಗರ್ಭದಲ್ಲೇ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಮಾಸಿನ ಮೂಲಕ ದಾಟಿರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಅದರ ಮಟ್ಟ ತಾಯಿಯಷ್ಟೇ, ಕೆಲವೊಮ್ಮೆ ತಾಯಿಗಿಂತ ಹೆಚ್ಚು. ನಮ್ಮ ಮಗುವಿಗೆ ಹಾಲಿನಿಂದ ಬೇಕಾದದ್ದು ಕರುಳಿನ ಮೇಲ್ಮೈಯಲ್ಲಿ ನಿಂತು ಕೆಲಸ ಮಾಡುವ ಐಜಿಎ.

ಈ ಗೊಂದಲ ಹಳೆಯದು. 1892ರಲ್ಲಿ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಇಲಿ ಮರಿಗಳನ್ನು ಅದಲುಬದಲು ಮಾಡಿ, ಪ್ರತಿರೋಧ ಪಡೆದ ತಾಯಿಯ ಹಾಲು ಕುಡಿದ ಮರಿಗಳಿಗೂ ಪ್ರತಿರೋಧ ಬರುತ್ತದೆಂದು ತೋರಿಸಿದರು. ಇಲಿಯಲ್ಲಿ ಪ್ರತಿಕಾಯ ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಮನುಷ್ಯರಲ್ಲೂ ಹಾಗೇ ಇರಬೇಕೆಂದು ಬಹಳ ಕಾಲ ಹುಡುಕಿದರು. ಮನುಷ್ಯರ ಹಾಲಿನ ಐಜಿಎ ರಕ್ತದ ಐಜಿಎಯಂತಿಲ್ಲ, ಅದರ ರಚನೆಯೇ ಬೇರೆ ಎಂದು ಸ್ವೀಡನ್ನಿನ ಸಂಶೋಧಕ ಲಾರ್ಸ್ ಹ್ಯಾನ್ಸನ್ 1961ರಲ್ಲಿ ತೋರಿಸಿದ ಮೇಲೆ ಚಿತ್ರ ತಿಳಿಯಾಯಿತು.

ಇನ್ನು ಪುಡಿಯಲ್ಲಿರುವ ಹಸುವಿನ ಪ್ರೋಟೀನು ಎಳೆಗೂಸಿಗೆ ಅಲರ್ಜಿ ತರಬಹುದು. ತಾಯಿಯ ಹಾಲು ಸಾಲದೆ ಬಂದರೆ ಪರ್ಯಾಯ ಹಾಲಿನ ಬ್ಯಾಂಕಿನ ದಾನದ ಹಾಲು, ಇಲ್ಲವೇ ವೈದ್ಯರು ಹೇಳಿದ ಶಿಶು ಫಾರ್ಮುಲಾ.

ಪ್ರಶ್ನೆ: ಮೊದಲ ದಿನ ಒಂದು ಚಮಚವೂ ಬರಲಿಲ್ಲ. ಮಗುವಿಗೆ ಸಾಲುತ್ತದೆಯೇ ಎಂಬ ಭಯ.

ಉತ್ತರ: ತಿಂಗಳು ತುಂಬಿದ ಆರೋಗ್ಯವಂತ ಮಗು ಮೊದಲ 24 ಗಂಟೆಗಳಲ್ಲಿ ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿ.ಲೀ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60 ಮಿ.ಲೀ. ಒಂದು ಟೀ ಚಮಚ 5 ಮಿ.ಲೀ. ಎಂದು ಹಿಡಿದರೆ, ನಿಮ್ಮ ಎದೆ ಲೆಕ್ಕ ತಪ್ಪಿಲ್ಲ.

ಕಡಿಮೆ ಇರುವುದಕ್ಕೂ, ರಕ್ಷಕ ಅಂಶ ಹೆಚ್ಚಿರುವುದಕ್ಕೂ ಕಾರಣ ಒಂದೇ. ಗರ್ಭದ ನಡುವಿನಿಂದಲೇ ಎದೆ ಗಿಣ್ಣುಹಾಲು ಮಾಡುತ್ತಿರುತ್ತದೆ, ಆದರೆ ಪ್ರೊಜೆಸ್ಟರಾನ್ ಹಾರ್ಮೋನು ಹಾಲು ಉಕ್ಕದಂತೆ ಹಿಡಿದಿಟ್ಟಿರುತ್ತದೆ. ಆ ಹಂತದಲ್ಲಿ ಎದೆಯ ಕೋಶಗಳ ನಡುವಿನ ಸಂದುಗಳು ಬಿಗಿದಿರುವುದಿಲ್ಲ. ಸೋಡಿಯಂ, ಪ್ರೋಟೀನು, ಬಿಳಿ ರಕ್ತಕಣಗಳು ಆ ಸಂದಿನಿಂದ ಹಾಲಿಗೆ ಇಳಿಯುತ್ತವೆ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಕುಸಿಯುತ್ತದೆ, ಸಂದುಗಳು ಮುಚ್ಚುತ್ತವೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ನೀರನ್ನು ಎಳೆದುಕೊಂಡು ಎರಡು ಮೂರು ದಿನಗಳಲ್ಲಿ ಹಾಲು ತುಂಬಿಕೊಳ್ಳುತ್ತದೆ.

ಮೂರು ದಿನ ಕಳೆದರೂ ಎದೆ ತುಂಬದಿದ್ದರೆ ಕಾರಣ ಹುಡುಕಬೇಕು. ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದಿದ್ದರೆ ಪ್ರೊಜೆಸ್ಟರಾನ್ ಪೂರ್ತಿ ಇಳಿಯುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದ್ದರೆ ಹಾಲಿನ ಹಾರ್ಮೋನು ಸ್ರವಿಸುವ ಪಿಟ್ಯುಟರಿ ಗ್ರಂಥಿ ಸೊರಗಿರಬಹುದು. ಸಕ್ಕರೆ ಕಾಯಿಲೆ, ಹೆಚ್ಚು ತೂಕ, ಸಿಸೇರಿಯನ್ ಕೂಡ ತಡ ಮಾಡುತ್ತವೆ.

ಮಗುವಿನ ಕಡೆಯಿಂದ ಲೆಕ್ಕ ಇಡುವುದು ಹೀಗೆ: ಮೊದಲ ದಿನ ಕನಿಷ್ಠ ಒಂದು ಸಲ ಮೂತ್ರ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಐದಾರನೇ ದಿನದಿಂದ ಆರು ಅಥವಾ ಹೆಚ್ಚು. ಕಪ್ಪು ಮಲ ನಾಲ್ಕೈದು ದಿನದೊಳಗೆ ಹಳದಿಗೆ ತಿರುಗಬೇಕು. ಹುಟ್ಟಿದ ತೂಕದ ಶೇ. 7ರವರೆಗೆ ಇಳಿಯುವುದು ಸಾಮಾನ್ಯ, ಶೇ. 10 ತಲುಪಿದರೆ, ಅಥವಾ ಮಗು ಕುಡಿಯಲು ಏಳದೆ ಮಂಕಾಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಮಗು 30 ವಾರಕ್ಕೇ ಹುಟ್ಟಿ ಎನ್ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆ. ಬಾಯಿಂದ ಕುಡಿಯಲಾರದು. ಆದರೂ ಗಿಣ್ಣುಹಾಲು ಹಿಂಡಿ ತನ್ನಿ ಎನ್ನುತ್ತಾರೆ ನರ್ಸ್. ಹೇಗೆ ಹಿಂಡಬೇಕು, ಅದರಿಂದ ಏನು ಮಾಡುತ್ತಾರೆ?

ಉತ್ತರ: ಅವರು ಹೇಳಿದ್ದು ಸರಿ, ತಡ ಮಾಡಬೇಡಿ. ಇಷ್ಟು ಮೊದಲೇ ಹುಟ್ಟಿದ ಮಗುವಿಗೆ ಮಾಸಿನಿಂದ ಐಜಿಜಿ ಕೂಡ ಪೂರ್ತಿ ಬಂದಿರುವುದಿಲ್ಲ. ಆದ್ದರಿಂದ ನಿಮ್ಮ ಪ್ರತಿ ಹನಿಗೂ ಬೆಲೆಯಿದೆ.

ಹೆರಿಗೆಯಾದ ಒಂದು ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದು. ಆಗದಿದ್ದರೆ 6 ಗಂಟೆಯೊಳಗಾದರೂ ಶುರುಮಾಡಿ. ಆ ಹೊತ್ತು ದಾಟಿದ್ದರೆ ಈಗಲೇ. ದಿನಕ್ಕೆ 8ರಿಂದ 10 ಸಲ, ರಾತ್ರಿಯೂ ಸೇರಿ. ಎರಡು ಸಲದ ನಡುವೆ 5 ಗಂಟೆಗಿಂತ ಹೆಚ್ಚು ಬಿಡಬೇಡಿ. ಮೊದಲೆರಡು ದಿನ ಪಂಪ್‌ಗಿಂತ ಕೈಯೇ ಮೇಲು. ಹಾಲು ಅಂಟಾಗಿರುವುದರಿಂದ ಪಂಪಿನ ಕೊಳವೆ, ಬಾಟಲಿಯ ಗೋಡೆಗೇ ಮೆತ್ತಿಕೊಂಡು ಮಗುವಿಗೆ ಸಿಗಬೇಕಾದದ್ದು ತೊಳೆಯುವ ನೀರಿನಲ್ಲಿ ಹೋಗುತ್ತದೆ.

ಸೋಪು ಹಚ್ಚಿ ಕೈ ತೊಳೆದು, ಬೆನ್ನಿಗೆ ಆಸರೆ ಕೊಟ್ಟು ಸ್ವಲ್ಪ ಮುಂದಕ್ಕೆ ಬಾಗಿ ಕುಳಿತುಕೊಳ್ಳಿ. ಒಂದೆರಡು ನಿಮಿಷ ಎದೆಯನ್ನು ಮೆತ್ತಗೆ ನೀವಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಎರಡೂ ಮೊಲೆತೊಟ್ಟಿನ ಬುಡದಿಂದ 2ರಿಂದ 3 ಸೆಂ.ಮೀ. ಹಿಂದೆ ಇರಲಿ. ಮೊದಲು ಬೆರಳುಗಳನ್ನು ಪಕ್ಕೆಲುಬಿನ ಕಡೆಗೆ ಹಿಂದಕ್ಕೆ ಒತ್ತಿ, ಆಮೇಲೆ ಎರಡನ್ನೂ ಒಂದಕ್ಕೊಂದು ಹತ್ತಿರ ತಂದು ಅಮುಕಿ, ಸಡಿಲಿಸಿ. ಒತ್ತು, ಅಮುಕು, ಬಿಡು: ಇದೇ ಲಯ. ಒಂದೆರಡು ನಿಮಿಷ ಏನೂ ಕಾಣದಿದ್ದರೆ ನಿಲ್ಲಿಸಬೇಡಿ. ಹನಿ ನಿಧಾನವಾದಾಗ ಬೆರಳುಗಳನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸಿ ಮುಂದುವರಿಸಿ. ಒಂದು ಬದಿ ಐದು ನಿಮಿಷ, ಇನ್ನೊಂದು ಐದು, ಮತ್ತೆ ಮೊದಲಿನದು.

ಹೆಚ್ಚಾಗಿ ತಪ್ಪುವುದು ಎರಡು ಕಡೆ. ಬೆರಳು ತೊಟ್ಟಿಗೆ ತೀರಾ ಹತ್ತಿರವಿದ್ದರೆ ನಾಳಗಳೇ ಹಿಚುಕಿಹೋಗಿ ಹಾಲು ನಿಲ್ಲುತ್ತದೆ, ನೋವೂ ಆಗುತ್ತದೆ. ಬೆರಳನ್ನು ಚರ್ಮದ ಮೇಲೆ ಜಾರಿಸಿ ಎಳೆದರೆ ಚರ್ಮ ಉರಿಯುತ್ತದೆ, ಹಾಲು ಹೆಚ್ಚಾಗುವುದಿಲ್ಲ. ಮಗುವಿನ ಫೋಟೊ ನೋಡುತ್ತಲೋ, ಮಗುವನ್ನು ಎದೆಗವಚಿಕೊಂಡು ಬಂದ ಕೂಡಲೇ ಹಿಂಡಿದರೋ ಆಕ್ಸಿಟೋಸಿನ್ ಹಾರ್ಮೋನು ಚಿಮ್ಮಿ ಹಾಲು ಸುಲಭವಾಗಿ ಇಳಿಯುತ್ತದೆ.

ಬಂದ ಹನಿಯನ್ನು ತೊಟ್ಟಿನ ತುದಿಯಿಂದಲೇ 1 ಮಿ.ಲೀ. ಸ್ಟೆರೈಲ್ ಸಿರಿಂಜಿಗೆ ಎಳೆದುಕೊಳ್ಳಿ. ಇನ್ನೊಬ್ಬರ ಕೈ ಜೊತೆಗಿದ್ದರೆ ಇದು ಹಗುರ. ಹೆಸರು, ದಿನಾಂಕ, ಗಂಟೆ ಬರೆದ ಚೀಟಿ ಅಂಟಿಸಿ, ಕ್ರಮಸಂಖ್ಯೆ ಹಾಕಿ. ಮೊದಲು ಬಂದದ್ದರಲ್ಲಿ ಐಜಿಎ ಅತಿ ಹೆಚ್ಚು, ಅದನ್ನೇ ಮೊದಲು ಬಳಸಬೇಕು. ಮೊದಲ ಸಲ ಅರ್ಧ ಮಿ.ಲೀ. ಬಂದರೂ ಸೋತೆನೆಂದು ತಿಳಿಯಬೇಡಿ. ಅದರಿಂದ ಎರಡು ಸಲ ಬಾಯಿಗೆ ಲೇಪಿಸಬಹುದು.

ಆ ಲೇಪನವೇ ನಿಮ್ಮ ಎರಡನೇ ಪ್ರಶ್ನೆಯ ಉತ್ತರ. ಸಿರಿಂಜಿನಿಂದ ಒಂದು ಕೆನ್ನೆಯ ಒಳಬದಿಗೆ 0.1 ಮಿ.ಲೀ., ಇನ್ನೊಂದಕ್ಕೆ 0.1 ಮಿ.ಲೀ. ನಿಧಾನವಾಗಿ ಬಿಡುತ್ತಾರೆ, 2ರಿಂದ 4 ಗಂಟೆಗೊಮ್ಮೆ. ಇದು ಹೊಟ್ಟೆ ತುಂಬಿಸುವ ಹಾಲಲ್ಲ, ನಳಿಕೆಯ ಆಹಾರದ ಲೆಕ್ಕಕ್ಕೆ ಸೇರುವುದಿಲ್ಲ. ಬಾಯಿ ಮತ್ತು ಗಂಟಲಿನ ಪದರದಲ್ಲಿ ರೋಗನಿರೋಧಕ ಕೋಶಗಳ ಗುಂಪುಗಳಿವೆ. ಗರ್ಭದಲ್ಲಿದ್ದರೆ ಮಗು ಈಗಲೂ ಗರ್ಭಜಲ ನುಂಗುತ್ತಾ ಆ ಪದರಕ್ಕೆ ಬೆಳವಣಿಗೆಯ ಅಂಶಗಳನ್ನು ಮುಟ್ಟಿಸುತ್ತಿತ್ತು. ನಳಿಕೆಯಲ್ಲಿ ಹಾಲು ಹೋದರೆ ಬಾಯಿಗೆ ಏನೂ ತಾಗದು. ಆ ಕೊರತೆಯನ್ನು ಈ ಹನಿಗಳು ತುಂಬುತ್ತವೆ. ವೆಂಟಿಲೇಟರಿನಲ್ಲಿರುವ ಮಗುವಿಗೂ ಕೊಡಬಹುದು, ಆದರೆ ನರ್ಸ್ ಎದುರಿನಲ್ಲೇ: ಆಮ್ಲಜನಕದ ಮಟ್ಟ ಇಳಿದರೆ, ಹೃದಯದ ಬಡಿತ ನಿಧಾನವಾದರೆ ತಕ್ಷಣ ನಿಲ್ಲಿಸಬೇಕು. ಹೀಗೆ ಲೇಪಿಸಿದ ಮಕ್ಕಳು ಪೂರ್ಣ ಪ್ರಮಾಣದ ಹಾಲಿಗೆ ಬೇಗ ಬರುತ್ತಾರೆಂದು ಹಲವು ಅಧ್ಯಯನಗಳು ಹೇಳುತ್ತವೆ. ಕರುಳಿನ ಕಾಯಿಲೆಯನ್ನು ಇದೊಂದೇ ತಡೆಯುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಅದು ಅತಿಯಾಯಿತು.

ಪ್ರಶ್ನೆ: ಗರ್ಭಿಣಿ, ಸಕ್ಕರೆ ಅಂಶ ಹೆಚ್ಚಿದೆ. ಹೆರಿಗೆಗೆ ಮೊದಲೇ ಗಿಣ್ಣುಹಾಲು ಹಿಂಡಿಡಬಹುದೇ?

ಉತ್ತರ: ನಿಮ್ಮಂಥವರ ಮಗುವಿಗೆ ಹುಟ್ಟಿದ ಕೆಲವು ಗಂಟೆಗಳಲ್ಲಿ ರಕ್ತದ ಸಕ್ಕರೆ ಇಳಿಯುವ ಸಂಭವವಿದೆ, ಆಗ ಈ ಹಾಲು ಕೈಯಲ್ಲಿದ್ದರೆ ಉಪಯೋಗ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಕ್ಕರೆ ಕಾಯಿಲೆಯಿದ್ದ, ಬೇರೆ ತೊಡಕಿಲ್ಲದ 635 ಗರ್ಭಿಣಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 36ನೇ ವಾರದಿಂದ ದಿನಕ್ಕೆ ಎರಡು ಸಲ, ಪ್ರತಿ ಸಲ 10 ನಿಮಿಷ ಮೀರದಂತೆ ಹಿಂಡಿದವರ ಮಕ್ಕಳಿಗೆ ಎನ್ಐಸಿಯು ಸೇರುವ ಪ್ರಮಾಣ ಹೆಚ್ಚಲಿಲ್ಲ. ಆದರೆ ಹಿಂಡುವಾಗ ಆಕ್ಸಿಟೋಸಿನ್ ಹೊರಬರುತ್ತದೆ, ಅದು ಗರ್ಭಕೋಶವನ್ನೂ ಸಂಕುಚಿಸುತ್ತದೆ. ಅವಧಿಗೆ ಮುಂಚೆ ನೋವು ಬಂದವರು, ಗರ್ಭದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಮಾಸು ಕೆಳಗಿರುವವರು, ರಕ್ತಸ್ರಾವ ಆದವರು ಇದಕ್ಕೆ ಕೈ ಹಾಕಬಾರದು. ನಿಮ್ಮ ವೈದ್ಯರ ಒಪ್ಪಿಗೆ ಪಡೆದೇ ಶುರುಮಾಡಿ. ಹೊಟ್ಟೆ ಬಿಗಿದು ನೋವು ಶುರುವಾದರೆ ನಿಲ್ಲಿಸಿ.

ಪ್ರಶ್ನೆ: ಹಿಂಡಿದ ಹಾಲನ್ನು ಫ್ರಿಜ್‌ನಲ್ಲಿಟ್ಟರೆ, ಬಿಸಿ ಮಾಡಿದರೆ ಅದರ ಒಳ್ಳೆಯ ಗುಣ ಹೋಗುವುದಿಲ್ಲವೇ?

ಉತ್ತರ: ಕೆಲವು ಹೋಗುತ್ತವೆ, ಕೆಲವು ಉಳಿಯುತ್ತವೆ. ಮೊದಲು ಅವಧಿ ನೋಡೋಣ. ತಿಂಗಳು ತುಂಬಿದ, ಆರೋಗ್ಯವಾಗಿರುವ ಮಗುವಿಗಾದರೆ ಹೊಸದಾಗಿ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್ ಒಳಗಿನ ಕೋಣೆಯಲ್ಲಿ 4 ಗಂಟೆ, 4 ಡಿಗ್ರಿಯ ಫ್ರಿಜ್‌ನಲ್ಲಿ 4 ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 6 ತಿಂಗಳು ಚೆನ್ನಾಗಿರುತ್ತದೆ. ಸೆಕೆ ಹೆಚ್ಚಿದ್ದರೆ ಹೊರಗಿಡದೆ ತಕ್ಷಣ ತಂಪಿಗೆ ಹಾಕಿ. ಫ್ರಿಜ್‌ನ ಬಾಗಿಲಿನಲ್ಲಿ ಇಡಬೇಡಿ, ತೆರೆದಾಗಲೆಲ್ಲ ಅಲ್ಲಿ ಶಾಖ ಏರುತ್ತದೆ. ಕರಗಿಸಿದ್ದನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಿ, ಮತ್ತೆ ಗಟ್ಟಿ ಮಾಡಬೇಡಿ. ಮಗು ಬಾಯಿ ಹಾಕಿ ಉಳಿಸಿದ್ದನ್ನು 2 ಗಂಟೆಯ ನಂತರ ಚೆಲ್ಲಿ. ಎನ್ಐಸಿಯು ಮಗುವಿಗೆ ಈ ಅವಧಿಗಳು ಇನ್ನೂ ಚಿಕ್ಕವು, ಆ ಘಟಕದ ನಿಯಮವನ್ನೇ ಪಾಲಿಸಿ.

ಈಗ ಗುಣದ ಮಾತು. ಫ್ರಿಜ್‌ನ ತಂಪಿನಲ್ಲಿ ಪ್ರತಿಕಾಯಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಜೀವಂತ ಕೋಶಗಳು ಗಂಟೆಗಳು ಕಳೆದಂತೆ ಕಡಿಮೆಯಾಗುತ್ತವೆ. ಫ್ರೀಜರಿನಲ್ಲಿ ಮಂಜಿನ ಹರಳುಗಳು ಕೋಶಗಳನ್ನು ಒಡೆಯುತ್ತವೆ, ಆದರೆ ಐಜಿಎ ಬಹುಪಾಲು ಉಳಿಯುತ್ತದೆ. ಹಾಲಿನ ಬ್ಯಾಂಕಿನಲ್ಲಿ 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವ ವಿಧಾನದಲ್ಲಿ ಕೋಶಗಳೆಲ್ಲ ಸಾಯುತ್ತವೆ, ಕೊಬ್ಬು ಜೀರ್ಣಿಸುವ ಲಿಪೇಸ್ ನಾಶವಾಗುತ್ತದೆ, ಲ್ಯಾಕ್ಟೋಫೆರಿನ್ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ, ಐಜಿಎ ಒಂದಷ್ಟು ಕಡಿಮೆಯಾದರೂ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಉಳಿಯುತ್ತದೆ. ಸಕ್ಕರೆ ಸರಪಳಿಗಳಿಗೆ ಮಾತ್ರ ಏನೂ ಆಗುವುದಿಲ್ಲ. ದಾನದ ಹಾಲು ಒಳ್ಳೆಯದೇ, ಆದರೂ ಸ್ವಂತ ತಾಯಿಯ ಹಸಿ ಹಾಲಿಗೆ ಸಮವಲ್ಲ ಎನ್ನುವುದು ಇದಕ್ಕೇ.

ಮನೆಯಲ್ಲಿ ಕುದಿಸಬೇಡಿ, ಮೈಕ್ರೋವೇವ್ ಬೇಡವೇ ಬೇಡ. ಅದರಲ್ಲಿ ಹಾಲು ಅಲ್ಲಲ್ಲಿ ಸುಡುವಷ್ಟು ಕಾಯುತ್ತದೆ, ಐಜಿಎ ಕೂಡ ಕೆಡುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟು ಕರಗಿಸಿ, ಅಥವಾ ಮೈ ಬಿಸಿಯಷ್ಟು, ಅಂದರೆ 37 ಡಿಗ್ರಿ ಸುಮಾರಿನ ಬೆಚ್ಚನೆಯ ನೀರಿನಲ್ಲಿ ಸಿರಿಂಜನ್ನು ಹಿಡಿಯಿರಿ. 1 ಮಿ.ಲೀ. ಹಾಲು ಕರಗಲು ಕೆಲವೇ ನಿಮಿಷ ಸಾಕು. ನೀರು ಸಿರಿಂಜಿನ ತುದಿಗೆ ತಾಗದಂತೆ ಮುಚ್ಚಳ ಭದ್ರವಾಗಿರಲಿ.

ಪ್ರಶ್ನೆ: ಹಾಲು ಹಳದಿ ಬದಲು ತುಕ್ಕಿನ ಬಣ್ಣಕ್ಕಿದೆ. ಚೆಲ್ಲಬೇಕೇ?

ಉತ್ತರ: ಚೆಲ್ಲಬೇಡಿ. ಎದೆ ಬೇಗ ಬೇಗ ಬೆಳೆದಾಗ ಸಣ್ಣ ರಕ್ತನಾಳಗಳು ಒಡೆದು ಹಳೆಯ ರಕ್ತ ಹಾಲಿಗೆ ಸೇರುವುದರಿಂದ ಈ ಬಣ್ಣ. ಮೊದಲ ಹೆರಿಗೆಯಲ್ಲಿ ಹೆಚ್ಚು, ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ತಿಳಿಯಾಗುತ್ತದೆ. ಮಗು ಕುಡಿಯಬಹುದು. ವಾರ ಕಳೆದರೂ ಉಳಿದರೆ, ಗಂಟು ಸಿಕ್ಕರೆ, ಒಂದೇ ನಾಳದಿಂದ ರಕ್ತ ಬರುತ್ತಿದ್ದರೆ ತೋರಿಸಿ. ಹಳದಿಗೆ ಕಾರಣ ಕ್ಯಾರೋಟಿನ್. ನೀರಿನಂತೆ ತಿಳಿಯಾಗಿದ್ದರೂ ಅದು ಗಿಣ್ಣುಹಾಲೇ.

ಪ್ರಶ್ನೆ: ಬಾಣಂತಿಗೆ ನೆಗಡಿ ಜ್ವರ. ಹಾಲಿನಿಂದ ಮಗುವಿಗೆ ಸೋಂಕು ಹತ್ತುತ್ತದೆಯೇ?

ಉತ್ತರ: ನೆಗಡಿ, ಫ್ಲೂ ಹತ್ತುವುದು ಉಸಿರಿನಿಂದ, ಕೈಯಿಂದ. ಮಾಸ್ಕ್ ಹಾಕಿ, ಕೈ ತೊಳೆದು, ಹಾಲೂಡಿಸುವುದನ್ನು ಮುಂದುವರಿಸಿ. ತಾಯಿಗೋ ಮಗುವಿಗೋ ಸೋಂಕಾದಾಗ ಹಾಲಿನಲ್ಲಿ ಬಿಳಿ ರಕ್ತಕಣಗಳು ಏರುವುದನ್ನು ಮೇಲೆ ಹೇಳಿದ 2013ರ ಅಧ್ಯಯನವೇ ದಾಖಲಿಸಿದೆ. ಎದೆ ಕೆಂಪಾಗಿ ಬಾತು ಜ್ವರ ಬಂದಾಗಲೂ ಕುಡಿಸುವುದನ್ನು ನಿಲ್ಲಿಸಬಾರದು. ಆಗ ಹಾಲು ತುಸು ಉಪ್ಪಾಗಿ ಮಗು ಮುಖ ತಿರುಗಿಸಬಹುದು. ಅದು ಸೋಡಿಯಂ ಏರಿದ್ದಕ್ಕೆ, ಹಾಲು ಹಾಳಾದದ್ದಕ್ಕಲ್ಲ.

ನಿಲ್ಲಿಸಬೇಕಾದ ಸಂದರ್ಭಗಳು ಕಡಿಮೆ: ಮಗುವಿಗೆ ಹಾಲಿನ ಸಕ್ಕರೆಯನ್ನು ದೇಹ ಬಳಸಿಕೊಳ್ಳಲಾಗದ, ಹುಟ್ಟಿನಿಂದ ಬರುವ ಗ್ಯಾಲಕ್ಟೋಸೀಮಿಯಾ ಕಾಯಿಲೆ ಇದ್ದರೆ, ತಾಯಿ ವಿಕಿರಣಶೀಲ ಅಯೋಡಿನ್ ಅಥವಾ ಕೆಲವು ಕ್ಯಾನ್ಸರ್ ಔಷಧಿಯಲ್ಲಿದ್ದರೆ. ಎದೆಯ ಮೇಲೆ ಹರ್ಪಿಸ್ ಹುಣ್ಣಿದ್ದರೆ ಆ ಬದಿಯಿಂದ ಬೇಡ. ಎಚ್ಐವಿ ಇದ್ದರೆ ಚಿಕಿತ್ಸೆಯ ಸ್ಥಿತಿ ನೋಡಿ ವೈದ್ಯರೊಂದಿಗೆ ಕೂತು ತೀರ್ಮಾನಿಸಬೇಕು.

ಪ್ರಶ್ನೆ: ಸಿಸೇರಿಯನ್ ಆಗಿ ಮೊದಲೆರಡು ದಿನ ಮಗುವಿಗೆ ಎದೆ ಕೊಡಲಾಗಲಿಲ್ಲ, ಫಾರ್ಮುಲಾ ಕೊಟ್ಟರು. ಗಿಣ್ಣುಹಾಲಿನ ಅವಕಾಶ ಕೈತಪ್ಪಿತೇ? ತುಂಬಾ ಬೇಸರವಾಗಿದೆ.

ಉತ್ತರ: ಕೈತಪ್ಪಿಲ್ಲ, ನೊಂದುಕೊಳ್ಳಬೇಡಿ. ಒಂದು ದಿನದಲ್ಲಿ ಬಾಗಿಲು ಮುಚ್ಚುವುದು ಕರುವಿನ ಕರುಳಿನಲ್ಲಿ. ಮನುಷ್ಯರಲ್ಲಿ ಐಜಿಎ ಕೆಲಸ ಮಾಡುವುದು ಕರುಳಿನ ಮೇಲ್ಮೈಯಲ್ಲಾದ್ದರಿಂದ, ಕುಡಿದ ದಿನದಿಂದಲೇ ಅದರ ಕಾವಲು ಶುರು. ಒಂದು ಗಂಟೆಯೊಳಗೆ ಹಾಲೂಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸಾಧ್ಯವಾದಷ್ಟು ಬೇಗ ಶುರುವಾಗಲಿ ಎಂದು. ಆಮೇಲೆ ಕೊಟ್ಟರೆ ವ್ಯರ್ಥ ಎಂದಲ್ಲ.

ಇನ್ನೊಂದು ಲೆಕ್ಕ ನೋಡಿ. ದಿನಗಳು ಕಳೆದಂತೆ ಲೀಟರಿಗೆ ಐಜಿಎ ಇಳಿಯುತ್ತದೆ, ಆದರೆ ಹಾಲಿನ ಪ್ರಮಾಣ ಏರುತ್ತದೆ. ಒಂದನ್ನೊಂದು ಸರಿದೂಗಿಸಿ, ತಿಂಗಳುಗಟ್ಟಲೆ ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಐಜಿಎ ಸಿಗುತ್ತಲೇ ಇರುತ್ತದೆ. ಹಾಲಿನ ಲೈಸೋಜೈಮ್ ಎಂಬ ಇನ್ನೊಂದು ರಕ್ಷಕ ಪ್ರೋಟೀನು ಗಿಣ್ಣುಹಾಲಿಗಿಂತ ನಂತರದ ತಿಂಗಳುಗಳಲ್ಲೇ ಹೆಚ್ಚು.

ಈಗ ಮಾಡಬೇಕಾದದ್ದು ಇಷ್ಟು. ಮಗುವನ್ನು ಬರಿಮೈಯಲ್ಲಿ ಎದೆಯ ಮೇಲೆ ಮಲಗಿಸಿಕೊಳ್ಳಿ. ಹೊಲಿಗೆಗೆ ಭಾರ ಬೀಳದಂತೆ ಪಕ್ಕಕ್ಕೆ ಮಲಗಿ, ಅಥವಾ ಮಗುವಿನ ಕಾಲು ನಿಮ್ಮ ಕಂಕುಳ ಕೆಳಗೆ ಬರುವಂತೆ ಹಿಡಿದು ಕುಡಿಸಿ. ದಿನಕ್ಕೆ 8ರಿಂದ 12 ಸಲ ಎದೆಗೆ ಹಾಕಿ. ಮಗು ಸರಿಯಾಗಿ ಚೀಪದಿದ್ದರೆ ಪ್ರತಿ ಸಲದ ನಂತರ ಹತ್ತು ನಿಮಿಷ ಹಿಂಡಿ, ಆ ಹಾಲನ್ನು ಚಮಚದಲ್ಲೋ ಸಣ್ಣ ಬಟ್ಟಲಲ್ಲೋ ಮೊದಲು ಕೊಡಿ. ಫಾರ್ಮುಲಾ ಇನ್ನೂ ಬೇಕಿದ್ದರೆ ಆಮೇಲೆ. ನಿಮ್ಮ ಹಾಲು ಹೆಚ್ಚಾದಂತೆ, ಮಗುವಿನ ತೂಕ ನೋಡುತ್ತಾ ವೈದ್ಯರ ಸಲಹೆಯಂತೆ ಫಾರ್ಮುಲಾವನ್ನು ಇಳಿಸುತ್ತಾ ಬನ್ನಿ.